ಮೂಗಿನೊಳಗಿನ ಬಳಗ

ಗಂಗಾವತಿಯ ನಮ್ಮ ಮನೆಯಲ್ಲಿ ಇಂದು ಬೆಳಿಗ್ಗೆ ಅವ್ವ ಬೆಣ್ಣೆ ಕಾಯಿಸಿ, ಕೊನೆಗೊಂದು ವೀಳ್ಯದೆಲೆ ಹಾಕಿ ಇಳಿಸಿದಳು. ಎಲೆ ಚಟಪಟನೆ ಸುರುಟಿಕೊಂಡದ್ದು ಕಣ್ಣಿಗೆ ಕಂಡಿತೇ ಹೊರತು, ಮೂರು ವಾರದ ನೆಗಡಿಯಿಂದ ಮಂಕಾದ ನನ್ನ ಮೂಗಿಗೆ ತುಪ್ಪದ ಘಮ ತಾಕಲೇ ಇಲ್ಲ.

ವಾಸನೆ ಗುರುತಿಸುವ ಸುಮಾರು 400 ಬಗೆಯ ಗ್ರಾಹಕಗಳು ನಮ್ಮ ಮೂಗಿನಲ್ಲಿವೆ ಎಂಬುದು ಗೊತ್ತಿತ್ತು; ಅವುಗಳ ನೆರೆಯಲ್ಲೇ ಬ್ಯಾಕ್ಟೀರಿಯಾಗಳ ದೊಡ್ಡ ಬಳಗವೊಂದು ಬಾಳುತ್ತದೆ ಎಂಬುದನ್ನು ಈ ದಿನಗಳಲ್ಲಷ್ಟೇ ಓದಿದೆ. ಆಸ್ಟ್ರಿಯಾದ ಗ್ರಾಜ್ ನಗರದ ವಿಜ್ಞಾನಿಗಳು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾಸನಾಶಕ್ತಿ ಕುಂದಿದವರ ಮೂಗಿನ ಸೂಕ್ಷ್ಮಜೀವಿಗಳ ಸಮುದಾಯವು ಉಳಿದವರದಕ್ಕಿಂತ ಭಿನ್ನವಾಗಿದ್ದು, ಅದರಲ್ಲಿ ಬ್ಯುಟಿರಿಕ್ ಆಮ್ಲ ಉತ್ಪಾದಿಸುವ ಜೀವಿಗಳು ಕಂಡುಬಂದವು. ಕೆಟ್ಟ ಬೆಣ್ಣೆಯ ಕಮಟು ವಾಸನೆಗೆ ಕಾರಣವಾಗುವುದೂ ಇದೇ ಆಮ್ಲ! ಆದರೂ ಕಾರಣ ಯಾವುದು, ಪರಿಣಾಮ ಯಾವುದು ಎಂಬುದು ಇಷ್ಟರಿಂದಲೇ ತೀರ್ಮಾನವಾಗುವುದಿಲ್ಲ. ಸೂಕ್ಷ್ಮಜೀವಿಗಳೇ ಇಲ್ಲದಂತೆ ಬೆಳೆಸಿದ ಇಲಿಗಳಲ್ಲಿ ವಾಸನೆ ಹಿಡಿಯುವ ಸೂಕ್ಷ್ಮ ರೋಮಗಳ ಪದರವೇ ತೆಳುವಾಗಿತ್ತೆಂಬ ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಹೊತ್ತು ಹಿಡಿದಿಟ್ಟಿತು. ಇಷ್ಟು ವರ್ಷ ತುಪ್ಪದ ಘಮವನ್ನು ನಾನೊಬ್ಬನೇ ಸವಿದೆನೆಂದು ತಿಳಿದಿದ್ದೆನಲ್ಲ!

ಸಂಜೆ ರೈಸ್ ಮಿಲ್ಲಿನ ಕಡೆಯಿಂದ ಬೇಯುವ ಭತ್ತದ ವಾಸನೆ ಒಂದೆಳೆಯಷ್ಟು ಬಂದಂತಾಯಿತು. ಅವ್ವನನ್ನು ಕರೆದು ಕೇಳಿದೆ, ಹೌದು ಎಂದಳು.