ಎಣ್ಣೆ ಚೆಲ್ಲಿದ ಮೇಲೆ ಪಾಚಿ ಏಕೆ ಉಕ್ಕುತ್ತದೆ?

ಕಚ್ಚಾ ಎಣ್ಣೆ ಪಾಚಿಗೆ ಗೊಬ್ಬರವಲ್ಲ. ಅದರಲ್ಲಿ ಇಂಗಾಲ ಹೇರಳ, ಸಾರಜನಕ ಅತ್ಯಲ್ಪ, ರಂಜಕ ಇಲ್ಲವೆಂದೇ ಹೇಳಬಹುದು. ಆದರೂ ಎಣ್ಣೆ ಬಿದ್ದ ನೀರಲ್ಲಿ ವಿಷಕಾರಿ ಪಾಚಿ ಏಳುವುದುಂಟು. ಪಾಚಿಯನ್ನು ಮೇಯುವ ಜೀವಿಗಳು ಅದಕ್ಕಿಂತ ಮೊದಲು ಸಾಯುವುದು ಇದಕ್ಕೆ ಒಂದು ಮುಖ್ಯ ಕಾರಣ.

2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಎಂಬ ಎಣ್ಣೆ ಬಾವಿ ಕೊರೆಯುವ ವೇದಿಕೆ ಸ್ಫೋಟಿಸಿತು. ಬಾವಿ 87 ದಿನ ಎಣ್ಣೆ ಕಾರಿತು. ಅದನ್ನು ಚದುರಿಸಲು ಸುಮಾರು 70 ಲಕ್ಷ ಲೀಟರ್ ಕೋರೆಕ್ಸಿಟ್ ಎಂಬ ರಾಸಾಯನಿಕ ಬಳಸಿದರು. ಚದುರಿದ ಎಣ್ಣೆ ಸಣ್ಣ ಹನಿಗಳಾಗಿ ಸೂಕ್ಷ್ಮಜೀವಿಗಳಿಗೆ ಸುಲಭವಾಗಿ ತಾಗುತ್ತದೆ. ಆ ಕೊಲ್ಲಿಯ ಪ್ಲವಕಗಳ (ನೀರಲ್ಲಿ ತೇಲುವ ಸೂಕ್ಷ್ಮ ಜೀವಿಗಳ) ಮೇಲೆ ನಡೆದ ಪ್ರಯೋಗಗಳಲ್ಲಿ, ಪಾಚಿ ತಿನ್ನುವ ಏಕಕೋಶ ಜೀವಿಗಳಾದ ಸಿಲಿಯೇಟ್‌ಗಳು ಕುಸಿದವು. ವಿಷಕಾರಿ ಪಾಚಿಗಳೂ ಸೇರಿರುವ ಏಕಕೋಶ ಗುಂಪಾದ ಡೈನೋಫ್ಲಾಜೆಲೇಟ್‌ಗಳಲ್ಲಿ ಕೆಲವು ಹೆಚ್ಚಿದವು.

ಬ್ಯಾಕ್ಟೀರಿಯಾದ ಪಾತ್ರ ಇಷ್ಟು ನೇರವಲ್ಲ. ಅಲ್ಕಾನಿವೊರಾಕ್ಸ್‌ನಂಥವು ಎಣ್ಣೆಯಲ್ಲಿನ ಅಲ್ಕೇನ್ ಎಂಬ ಹೈಡ್ರೋಕಾರ್ಬನ್‌ಗಳನ್ನು (ಇಂಗಾಲ, ಜಲಜನಕದ ಸಂಯುಕ್ತಗಳನ್ನು) ತಿಂದು ಹೆಚ್ಚುತ್ತವೆ, ಆಗ ನೀರಿನ ಸಾರಜನಕ, ರಂಜಕಗಳನ್ನೂ ಹೀರುತ್ತವೆ. 1989ರ ಎಕ್ಸಾನ್ ವಾಲ್ಡೆಜ್ ಎಣ್ಣೆ ಹಡಗಿನ ದುರಂತದ ಬಳಿಕ ಅಲಾಸ್ಕಾದ ದಡಗಳಿಗೆ ಗೊಬ್ಬರ ಹಾಕಿದ್ದು ಈ ಕೊರತೆ ತುಂಬಲೆಂದೇ. ಅಂದರೆ ಮೊದಮೊದಲು ಬ್ಯಾಕ್ಟೀರಿಯಾ ಪಾಚಿಗೆ ಪೈಪೋಟಿ. ಆಮೇಲೆ ಅವು ಸತ್ತಾಗ ಅಥವಾ ಬೇರೆ ಜೀವಿಗೆ ಆಹಾರವಾದಾಗ ಪೋಷಕಾಂಶ ನೀರಿಗೆ ಮರಳುತ್ತದೆ. ಅನೇಕ ಪಾಚಿಗಳು ತಾವೇ ತಯಾರಿಸಲಾರದ ವಿಟಮಿನ್ ಬಿ12 ಕೂಡ ಬ್ಯಾಕ್ಟೀರಿಯಾದಿಂದಲೇ ಬರಬೇಕು. ಸಲ್ಫಿಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಒಂದು ಡಯಾಟಮ್‌ಗೆ (ಗಾಜಿನಂಥ ಚಿಪ್ಪಿನ ಏಕಕೋಶ ಪಾಚಿಗೆ) ಬೆಳವಣಿಗೆಯ ಹಾರ್ಮೋನನ್ನೇ ಒದಗಿಸುತ್ತದೆ. ಕೋರ್ಡಿಯಾ ಆಲ್ಗಿಸಿಡಾ ಎಂಬ ಬ್ಯಾಕ್ಟೀರಿಯಾ ಹಾಗಲ್ಲ, ಪಾಚಿಯನ್ನು ಕೊಲ್ಲುತ್ತದೆ! ಆದ್ದರಿಂದ ಬ್ಯಾಕ್ಟೀರಿಯಾ ಎಷ್ಟಿವೆ ಎನ್ನುವುದಕ್ಕಿಂತ ಯಾವುವು ಇವೆ ಎಂದು ನೋಡಬೇಕು.

ಪರೀಕ್ಷಿಸುವವರಿಗೆ: ಲೀಟರ್ ಸಮುದ್ರದ ನೀರಿಗೆ 1 ಗ್ರಾಂ ಎಣ್ಣೆ ಹಾಕಿ, ಬಾಟಲಿಯ ಕಾಲುಭಾಗ ಖಾಲಿ ಬಿಟ್ಟು ಮುಚ್ಚಿ, ಕತ್ತಲಲ್ಲಿ 18ರಿಂದ 24 ಗಂಟೆ ಸುಳಿಯೇಳದಂತೆ ನಿಧಾನ ಕಲಕಿ. ನಂತರ ತಳದಿಂದ ನೀರು ತೆಗೆಯಿರಿ, ಮೇಲಿನ ಎಣ್ಣೆಪೊರೆ ಬರಬಾರದು. ಪಾಚಿಯ ಮೇಲೆ ಪರೀಕ್ಷಿಸಬೇಕಾದ್ದು ಈ ನೀರನ್ನೇ. ಬಾಟಲಿ ಗಾಜಿನದೇ ಇರಲಿ. ಪ್ಲಾಸ್ಟಿಕ್ ಹೈಡ್ರೋಕಾರ್ಬನ್‌ಗಳನ್ನು ಹೀರಿಕೊಂಡು ಲೆಕ್ಕ ಕೆಡಿಸುತ್ತದೆ. ಕೋರೆಕ್ಸಿಟ್ ಸೇರಿಸುವುದಾದರೆ 20 ಪಾಲು ಎಣ್ಣೆಗೆ 1 ಪಾಲು, ಜೊತೆಗೆ ಕೋರೆಕ್ಸಿಟ್ ಮಾತ್ರ ಇರುವ ಬಾಟಲಿಯೂ ಬೇಕು.

ಬ್ಯಾಕ್ಟೀರಿಯಾದ ಪಾಲು ತಿಳಿಯಲು ಆಂಟಿಬಯೋಟಿಕ್ ಹಾಕುತ್ತಾರಲ್ಲ, ಅಲ್ಲೇ ಹೆಚ್ಚು ಎಡವುವುದು. ಬ್ಯಾಕ್ಟೀರಿಯಾ ಸತ್ತರೆ ಬಿ12 ಕೂಡ ಹೋಯಿತು. ಪಾಚಿ ಸೊರಗಿದ್ದು ಅದರಿಂದಲೇ ಇರಬಹುದು. ಇನ್ನೊಂದು ಬಾಟಲಿಗೆ ಬಿ12 ಸೇರಿಸಿ ಹೋಲಿಸಿ. ಕ್ಲೋರೋಫಿಲ್ ಅಳತೆಯೊಂದನ್ನೇ ನಂಬಬೇಡಿ. ಯಾವ ಜಾತಿ ಹೆಚ್ಚಿತೆಂದು ಅದು ಹೇಳದು, ಕೋಶಗಳನ್ನು ಕೆಡದಂತೆ ಇಡುವ ಲ್ಯೂಗೋಲ್ (ಅಯೋಡಿನ್) ದ್ರಾವಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಎಣಿಸಲೇಬೇಕು. ಬಿಸಿಲಿನ ನೇರಳಾತೀತ ಕಿರಣ ಎಣ್ಣೆಯ ವಿಷ ಹೆಚ್ಚಿಸುವುದರಿಂದ, ಮಾಮೂಲಿ ದೀಪದಡಿ ಸಿಗುವ ಫಲಿತಾಂಶ ಸೌಮ್ಯವಾಗಿ ಕಾಣಬಹುದು.

ಮೇಯುವವು ಸತ್ತರೆ ಡೈನೋಫ್ಲಾಜೆಲೇಟ್ ಹೆಚ್ಚುತ್ತದೆ ಎಂಬ ಈ ಲೆಕ್ಕವನ್ನು ನಮ್ಮ ಕರಾವಳಿಗೆ ಹಾಗೇ ಹಚ್ಚಲಾಗದು. ಮಂಗಳೂರಿನ ಕಡೆ ರಾತ್ರಿ ನೀಲಿಯಾಗಿ ಹೊಳೆಯುವ ನಾಕ್ಟಿಲುಕಾ ಡೈನೋಫ್ಲಾಜೆಲೇಟೇ ಆದರೂ, ಸ್ವತಃ ಡಯಾಟಮ್ ಮೇಯುವ ಜೀವಿ. ಫ್ಲಾರಿಡಾದ ಕರೇನಿಯಾ ಬ್ರೆವಿಸ್ ಎಂಬ ವಿಷಕಾರಿ ಪಾಚಿ ಎಣ್ಣೆ ಸೋರದ ವರ್ಷಗಳಲ್ಲೂ ಏಳುತ್ತದೆ. ಲೀಟರಿಗೆ 5000 ಕೋಶ ಮುಟ್ಟಿದರೆ ಅಲ್ಲಿ ಚಿಪ್ಪುಮೀನು ತೆಗೆಯುವುದನ್ನು ನಿಲ್ಲಿಸುತ್ತಾರೆ. ಸೋರಿಕೆಗೆ ಮುಂಚಿನ ಎಣಿಕೆ ಕೈಯಲ್ಲಿಲ್ಲದೆ ಎಣ್ಣೆಯ ಮೇಲೆ ತಪ್ಪು ಹೊರಿಸಲಾಗದು.