ಸೆರೆಮನೆಯಿಂದ ಬಂದ ಆನಂದ

ಕ್ರಿಸ್ಮಸ್‌ಗೆ ಸಿದ್ಧರಾಗುವ ಆಗಮನ ಕಾಲದ ಮೂರನೆಯ ಭಾನುವಾರ ದೇವಾಲಯದಲ್ಲಿ ನೇರಳೆಯ ನಡುವೆ ಗುಲಾಬಿ ಬಣ್ಣ ಕಾಣಿಸಿಕೊಳ್ಳುತ್ತದೆ. ಗುಲಾಬಿ ಬಣ್ಣದ ಮೇಣದಬತ್ತಿ ಹಚ್ಚುವ ದಿನ ಅದು, ಆನಂದದ ಭಾನುವಾರ. ಸದಾ ಪ್ರಭುವಿನಲ್ಲಿ ಆನಂದಿಸಿರಿ ಎಂದು ಸಂತ ಪೌಲರು ಫಿಲಿಪ್ಪಿ ಊರಿನ ವಿಶ್ವಾಸಿಗಳಿಗೆ ಬರೆದ ಮಾತೇ ಅದಕ್ಕೆ ಆಧಾರ.

ಮನೆಯಲ್ಲಿ ಸಾವಾದವರಿಗೆ, ಆಸ್ಪತ್ರೆಯಿಂದ ನೇರವಾಗಿ ಬಲಿಪೂಜೆಗೆ ಬಂದವರಿಗೆ ಈ ಮಾತು ಕಠಿಣವಾಗಿ ಕೇಳಿಸೀತು. ನೊಂದವರಿಗೆ ಅಳಬೇಡಿ, ನಗುತ್ತಿರಿ ಎನ್ನುವುದು ಕ್ರೌರ್ಯವೇ ಸರಿ. ಪೌಲರು ಹಾಗೆ ಹೇಳಲಿಲ್ಲ. ಸೆರೆಯಲ್ಲಿದ್ದು, ಮುಂದೆ ಬಿಡುಗಡೆಯೋ ಮರಣವೋ ತಿಳಿಯದೆ ಬರೆದ ಪತ್ರವದು. ಗೆಳೆಯ ಎಪಫ್ರೊದೀತ ಸಾಯುವಷ್ಟು ಕಾಯಿಲೆ ಬಿದ್ದಿದ್ದನ್ನು ನೆನೆದು, ಅವನು ಹೋಗಿಬಿಟ್ಟಿದ್ದರೆ ತನಗೆ ದುಃಖದ ಮೇಲೆ ದುಃಖವಾಗುತ್ತಿತ್ತು ಎಂದು ಅದರಲ್ಲೇ ಹೇಳಿಕೊಂಡಿದ್ದಾರೆ. ಕಣ್ಣೀರನ್ನೂ ಮುಚ್ಚಿಟ್ಟಿಲ್ಲ.

ಆ ಪತ್ರ ಪಡೆದ ಫಿಲಿಪ್ಪಿಯವರಿಗೆ ಪೌಲರ ಆನಂದ ಹೊಸದೇನಲ್ಲ. ಅವರದೇ ಊರಿನಲ್ಲಿ ಹಿಂದೆ ಪೌಲ ಮತ್ತು ಅವರ ಸಂಗಾತಿ ಸೀಲರ ಬಟ್ಟೆ ಹರಿದು, ಕೋಲಿನಿಂದ ಹೊಡೆದು, ಕಾಲಿಗೆ ಕೋಳ ಹಾಕಿ ಒಳಗಿನ ಕೋಣೆಗೆ ನೂಕಿದ್ದರು. ನಡುರಾತ್ರಿ ಬೆನ್ನಿನ ಗಾಯ ತೊಳೆಯುವವರೂ ಇಲ್ಲದಿರುವಾಗ ಇಬ್ಬರೂ ದೇವರನ್ನು ಸ್ತುತಿಸಿ ಹಾಡಿದರು. ಉಳಿದ ಕೈದಿಗಳು ಕಿವಿಗೊಟ್ಟು ಕೇಳುತ್ತಿದ್ದರು ಎನ್ನುತ್ತದೆ ಬೈಬಲ್. ಭೂಕಂಪವಾದದ್ದು ಅನಂತರ. ಹಾಡುವಾಗ ಬಾಗಿಲು ಇನ್ನೂ ಮುಚ್ಚಿತ್ತು ಎಂಬುದು ನನ್ನನ್ನು ಪ್ರತಿಸಲವೂ ತಡೆದು ನಿಲ್ಲಿಸುತ್ತದೆ. ಬಾಗಿಲು ತೆರೆದ ಮೇಲೂ ಅವರು ಓಡಿಹೋಗಲಿಲ್ಲ. ಕತ್ತಿ ಹಿರಿದು ಸಾಯಹೊರಟಿದ್ದ ಸೆರೆಮನೆಯ ಅಧಿಕಾರಿಯನ್ನು ಕೂಗಿ ಉಳಿಸಿಕೊಂಡರು. ಅದೇ ರಾತ್ರಿ ಅವನು ತನ್ನ ಕೈಯಾರೆ ಅವರ ಗಾಯ ತೊಳೆದ, ಮನೆಗೆ ಕರೆದು ಊಟ ಬಡಿಸಿದ, ಮನೆಮಂದಿಯೊಂದಿಗೆ ಹಿಗ್ಗಿದ.

ಈ ಆನಂದ ಗಟ್ಟಿಮನಸ್ಸಿನ ಫಲವೆಂದು ನನಗೆ ಅನ್ನಿಸುವುದಿಲ್ಲ. ಶಿಲುಬೆಯ ಹಿಂದಿನ ರಾತ್ರಿ, ಭೋಜನದ ಹೊತ್ತಿನಲ್ಲಿ, ತನ್ನ ಆನಂದ ಶಿಷ್ಯರಲ್ಲಿರಬೇಕೆಂದು ಯೇಸು ನುಡಿದರು. ಆ ಆನಂದ ಯೇಸುವಿನದು, ನಮ್ಮದು ಬರೀ ಪಡೆದದ್ದು. ಆದ್ದರಿಂದಲೇ ನಮ್ಮ ಶಕ್ತಿ ಬತ್ತಿದ ಹೊತ್ತಿನಲ್ಲೂ ಅದನ್ನು ಹಂಚಲು ಸಾಧ್ಯ. ಹಾಸಿಗೆ ಹಿಡಿದ ಹಿರಿಯರೊಬ್ಬರು ತಮ್ಮನ್ನು ನೋಡಲು ಬಂದವರ ಕಷ್ಟಗಳನ್ನು ಕೇಳಿ, ದಿಂಬಿನ ಪಕ್ಕದ ಪುಸ್ತಕದಲ್ಲಿ ಸೊಟ್ಟ ಅಕ್ಷರಗಳಲ್ಲಿ ಹೆಸರು ಬರೆದುಕೊಳ್ಳುತ್ತಿದ್ದರು. ನೋವಿನಿಂದ ನಿದ್ದೆ ಬಾರದ ರಾತ್ರಿಗಳಲ್ಲಿ ಒಂದೊಂದೇ ಹೆಸರು ಹೇಳಿ ಪ್ರಾರ್ಥಿಸುತ್ತಿದ್ದರು. ಧೈರ್ಯ ಹೇಳಲು ಹೋದವರು ಧೈರ್ಯ ಪಡೆದು ಬರುತ್ತಿದ್ದರು.

ಫಿಲಿಪ್ಪಿ ಇದ್ದ ಮಕೆದೋನ್ಯ ಪ್ರಾಂತ್ಯದ ಸಭೆಗಳ ಕುರಿತು ಪೌಲರು ಕೊರಿಂಥದವರಿಗೆ ಬರೆದದ್ದೂ ಇಂಥದ್ದೇ. ಅವರಿಗೆ ಕಡುಬಡತನ, ಮೇಲೆ ಕಷ್ಟದ ಪರೀಕ್ಷೆ. ಆದರೂ ಅವರ ಆನಂದ ಧಾರಾಳವಾಗಿ ಹರಿಯಿತು; ಬೇರೆ ಊರಿನ ಬಡ ವಿಶ್ವಾಸಿಗಳಿಗೆ ನೆರವಾಗಲು ನಮಗೂ ಅವಕಾಶ ಕೊಡಿ ಎಂದು ಅವರೇ ಪೌಲರನ್ನು ಅಂಗಲಾಚಿ ಬೇಡಿಕೊಂಡರು.