ಹುಳಿಗೆ ಯಾವ ಪಾತ್ರೆ?

ಸಿಯಾಟಲ್ ಬಳಿ ನೆಲೆಸಿರುವ ನನ್ನ ತಂಗಿಯ ಮಗಳು ಒಂದು ರಾತ್ರಿ ಫೋನ್ ಮಾಡಿ, "ದೊಡ್ಡಮ್ಮ, ನೀವು ಕೊಟ್ಟ ಬಾಣಲೆಯನ್ನು ಇನ್ನು ಒಲೆಯ ಮೇಲೆ ಇಡಬೇಡಿ ಎಂದು ಇಲ್ಲಿಯವರು ಹೇಳಿದ್ದಾರೆ" ಎಂದಳು. ಒಂದೂವರೆ ವರ್ಷದ ಅವಳ ಮಗುವಿಗೆ ರಕ್ತಪರೀಕ್ಷೆ ಮಾಡಿದಾಗ, ಒಂದು ಡೆಸಿಲೀಟರ್ ರಕ್ತದಲ್ಲಿ 6 ಮೈಕ್ರೋಗ್ರಾಂ ಸೀಸ ಕಂಡುಬಂದಿತ್ತು. ಅಮೆರಿಕದಲ್ಲಿ 2021ರಿಂದ 3.5 ಮೈಕ್ರೋಗ್ರಾಂ ದಾಟಿದ ಮಕ್ಕಳ ಮನೆಯಲ್ಲಿ ಸೀಸದ ಮೂಲವನ್ನು ಹುಡುಕಬೇಕೆಂದು ವೈದ್ಯರಿಗೆ ಸೂಚನೆಯಿದೆ. ಮನೆಗೆ ಬಂದ ಆರೋಗ್ಯ ಇಲಾಖೆಯವರು ಗೋಡೆಯ ಬಣ್ಣ, ಆಟಿಕೆ, ಕುಂಕುಮ, ಕಾಡಿಗೆ, ಅರಿಸಿನದ ಪುಡಿ ಎಲ್ಲವನ್ನೂ ಕೇಳಿ ತಿಳಿದುಕೊಂಡು, ಕೊನೆಗೆ ಅಡುಗೆಮನೆಯ ಪಾತ್ರೆಗಳನ್ನು ಒಂದೊಂದಾಗಿ ಉಪಕರಣ ಹಿಡಿದು ನೋಡಿದಾಗ ಸಿಕ್ಕಿಬಿದ್ದದ್ದು ಹಿಂಡಾಲಿಯಂ ಬಾಣಲೆ. ಅವಳು ಮದುವೆಯಾಗಿ ಹೊರಟಾಗ ಮೈಸೂರಿನ ಒಂದು ಪಾತ್ರೆ ಅಂಗಡಿಯಲ್ಲಿ ನಾನೇ ಆರಿಸಿ ಕೊಡಿಸಿದ್ದ ಬಾಣಲೆ ಅದು. ದಪ್ಪ ತಳ, ಹಗುರ ಮೈ, ಗೊಜ್ಜು ತಳ ಹಿಡಿಯುವುದಿಲ್ಲ ಎಂದು ನಾನು ಅದನ್ನು ಎಷ್ಟು ಹೊಗಳಿದ್ದೆನೆಂಬುದು ಆ ರಾತ್ರಿ ನನಗೆ ನೆನಪಾಗಿ ನಿದ್ದೆ ಬರಲಿಲ್ಲ.

ಅಂದಿನಿಂದ ನಾನು ನಮ್ಮ ಪಾತ್ರೆಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಓದಿ ನನಗೆ ಮನದಟ್ಟಾದದ್ದು ಇಷ್ಟು: ಯಾವ ಲೋಹ ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಒಂದೇ ಮಾತಿನಲ್ಲಿ ಕೇಳಿದರೆ ಸರಿಯಾದ ಉತ್ತರ ಸಿಗುವುದಿಲ್ಲ, ಆ ಪಾತ್ರೆಯಲ್ಲಿ ಹುಳಿ ಎಷ್ಟು ಹೊತ್ತು ಕುದಿಯುತ್ತದೆ, ಇಳಿಸಿದ ಮೇಲೆ ಎಷ್ಟು ಹೊತ್ತು ಅದರಲ್ಲೇ ಉಳಿಯುತ್ತದೆ, ಮತ್ತು ಆ ಲೋಹದೊಳಗೆ ಹೇಳದೆ ಬೆರೆತದ್ದು ಏನು ಎಂದು ಕೇಳಬೇಕು. ನಮ್ಮ ಅಡುಗೆಯ ಜೀವವೇ ಹುಳಿ. ಹುಣಸೆಹಣ್ಣು, ಟೊಮೇಟೊ, ಮಜ್ಜಿಗೆ, ನಿಂಬೆ, ಕರಾವಳಿಯಲ್ಲಾದರೆ ಪುನರ್ಪುಳಿ, ಇವಿಲ್ಲದ ಒಂದು ದಿನವೂ ನಮಗಿಲ್ಲ. ಹುಳಿ ಮತ್ತು ಉಪ್ಪು ಸೇರಿ ಬಿಸಿಯಾದಾಗ ಲೋಹದ ಮೇಲ್ಪದರ ಕರಗುತ್ತದೆ. ಹುಣಸೆಹಣ್ಣಿನಿಂದ ತಿಕ್ಕಿದ ತಾಮ್ರದ ಚೊಂಬು ಹೊಳೆಯುವುದನ್ನು ನೋಡಿದ ನಮಗೆ ಇದನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಪುಳಿಯೋಗರೆ ಗೊಜ್ಜನ್ನು ಎಣ್ಣೆ ಬಿಡುವವರೆಗೆ ಹಿಂಡಾಲಿಯಂ ಬಾಣಲೆಯಲ್ಲಿ ಕುದಿಸಿ, ಆರಲೆಂದು ರಾತ್ರಿಯಿಡೀ ಅದರಲ್ಲೇ ಬಿಟ್ಟವರು ನಾವು.

ಹಿಂಡಾಲಿಯಂ ಎಂದರೆ ಅಲ್ಯೂಮಿನಿಯಂಗೆ ಮೆಗ್ನೀಷಿಯಂ, ಮ್ಯಾಂಗನೀಸ್, ಸಿಲಿಕಾನ್ ಮುಂತಾದವನ್ನು ಬೆರೆಸಿ ಗಟ್ಟಿಗೊಳಿಸಿದ ಮಿಶ್ರಲೋಹ. ಈ ಮಿಶ್ರಣದಲ್ಲಿ ಸೀಸ ಇರಬೇಕಾದ ಕಾರಣವೇ ಇಲ್ಲ. ಅದು ಒಳಗೆ ಬರುವುದು ಗುಜರಿಯ ದಾರಿಯಿಂದ. ವಾಹನಗಳ ಬಿಡಿಭಾಗ, ಹಳೆಯ ಯಂತ್ರ, ವಿದ್ಯುತ್ ಸಾಮಾನು, ಡಬ್ಬಿ, ಎಲ್ಲವನ್ನೂ ಒಟ್ಟಿಗೆ ಕರಗಿಸಿ ಎರಕ ಹೊಯ್ಯುವ ಕಡೆ ಯಾವ ಲೋಹ ಎಷ್ಟು ಸೇರಿತೆಂದು ಯಾರೂ ಅಳೆಯುವುದಿಲ್ಲ. ವಾಷಿಂಗ್ಟನ್ ರಾಜ್ಯದಲ್ಲಿ ಸಿಯಾಟಲ್ ಸೇರಿರುವ ಕಿಂಗ್ ಕೌಂಟಿ ಎಂಬ ಜಿಲ್ಲೆಯಲ್ಲಿ ಆಫ್ಘಾನಿಸ್ತಾನದಿಂದ ಬಂದ ನಿರಾಶ್ರಿತ ಕುಟುಂಬಗಳ ಮಕ್ಕಳ ರಕ್ತದಲ್ಲಿ ಸೀಸ ಹೆಚ್ಚಾಗಿರುವುದನ್ನು ಗಮನಿಸಿದ ಅಧಿಕಾರಿಗಳು, ಆ ಮನೆಗಳ ಅಲ್ಯೂಮಿನಿಯಂ ಕುಕ್ಕರ್ ಮತ್ತು ಪಾತ್ರೆಗಳಲ್ಲಿ ಆಮ್ಲದ ದ್ರಾವಣವನ್ನು ಕುದಿಸಿ ನೋಡಿದರು. ಹಲವು ಪಾತ್ರೆಗಳಿಂದ ಸೀಸ ಇಳಿದು ಬಂತು, ಸ್ಟೇನ್‌ಲೆಸ್ ಸ್ಟೀಲ್ ಕುಕ್ಕರ್‌ಗಳಿಂದ ಬಂದದ್ದು ಬಹಳ ಕಡಿಮೆ. ಈ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಪಾತ್ರೆಗಳಲ್ಲಿನ ಸೀಸಕ್ಕೆ ಮಿತಿ ಹೇರುವ ಕಾನೂನನ್ನು ಆ ರಾಜ್ಯ 2024ರಲ್ಲಿ ತಂದಿತು. 2025ರ ಆಗಸ್ಟ್‌ನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಆಮದಾದ ಕೆಲವು ಅಲ್ಯೂಮಿನಿಯಂ, ಹಿತ್ತಾಳೆ ಪಾತ್ರೆಗಳ ಜೊತೆಗೆ ಹಿಂಡಾಲಿಯಂ ಎಂಬ ಹೆಸರನ್ನೇ ಬರೆದು, ಇವುಗಳಿಂದ ಆಹಾರಕ್ಕೆ ಸೀಸ ಸೇರಬಹುದೆಂದು ಎಚ್ಚರಿಸಿತು. ನಮ್ಮ ಅಡುಗೆಮನೆಯ ಮಾತೊಂದನ್ನು ದೂರದ ದೇಶದ ಎಚ್ಚರಿಕೆಯ ಪತ್ರದಲ್ಲಿ ಓದಿದಾಗ ನನಗೆ ಆದ ಸಂಕಟ ಇನ್ನೂ ಹೋಗಿಲ್ಲ.

ಸೀಸದ ವಿಷಯದಲ್ಲಿ ಇಷ್ಟರವರೆಗೆ ಅಪಾಯವಿಲ್ಲ ಎನ್ನುವ ಪ್ರಮಾಣವೇ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದೇಹ ಅದನ್ನು ಕ್ಯಾಲ್ಸಿಯಂ ಎಂದು ತಪ್ಪಾಗಿ ತಿಳಿದು ಮೂಳೆಯಲ್ಲಿ ಇಟ್ಟುಕೊಳ್ಳುತ್ತದೆ. ಒಂದೇ ಪ್ರಮಾಣದ ಸೀಸ ಹೊಟ್ಟೆಗೆ ಹೋದರೂ ಚಿಕ್ಕ ಮಗು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಬುದ್ಧಿ ಬೆಳೆಯುವ ವಯಸ್ಸಿನಲ್ಲಿ ಆಗುವ ಹಾನಿ ಹಿಂದಿರುಗುವುದಿಲ್ಲ. ಜ್ವರವಿಲ್ಲ, ವಾಂತಿಯಿಲ್ಲ, ಊಟ ಬಿಡುವುದಿಲ್ಲ, ಆದ್ದರಿಂದ ರಕ್ತಪರೀಕ್ಷೆ ಇಲ್ಲದೆ ತಾಯಿಗೆ ತಿಳಿಯುವ ದಾರಿಯೇ ಇಲ್ಲ. 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳು ಪ್ರಕಟಿಸಿದ ಅಂದಾಜಿನಂತೆ, ಭಾರತದಲ್ಲಿ ಸುಮಾರು 27.5 ಕೋಟಿ ಮಕ್ಕಳ ರಕ್ತದಲ್ಲಿ 5 ಮೈಕ್ರೋಗ್ರಾಂಗಿಂತ ಹೆಚ್ಚು ಸೀಸವಿದೆ. ಸೀಸ ಬೆರೆತ ಪೆಟ್ರೋಲನ್ನು ನಾವು 2000ದಲ್ಲೇ ನಿಲ್ಲಿಸಿದ್ದೇವೆ, ಆದರೂ ಸಂಖ್ಯೆ ಇಷ್ಟಿದೆ. ಸಿಯಾಟಲಿನ ಮಗುವಿಗೆ ಪರೀಕ್ಷೆಯಾದದ್ದು ಅದು ಅಲ್ಲಿತ್ತು ಎಂಬ ಕಾರಣಕ್ಕೆ; ಅದೇ ಅಂಗಡಿಯಿಂದ ಅಂಥದೇ ಬಾಣಲೆ ಕೊಂಡ ಎಷ್ಟೋ ಮನೆಗಳ ಮಕ್ಕಳಿಗೆ ಇಲ್ಲಿ ಆ ಪರೀಕ್ಷೆಯನ್ನು ಯಾರೂ ಮಾಡಿಸುವುದಿಲ್ಲ.

ಇನ್ನು ಶುದ್ಧ ಅಲ್ಯೂಮಿನಿಯಂ. ಇದರಿಂದ ಮರೆವಿನ ಕಾಯಿಲೆ ಬರುತ್ತದೆಂಬ ಮಾತು ವಾಟ್ಸ್ಆ್ಯಪ್‌ನಲ್ಲಿ ಸುತ್ತುತ್ತಲೇ ಇರುತ್ತದೆ, ಆದರೆ ಅಡುಗೆ ಪಾತ್ರೆಗೂ ಆಲ್ಜೈಮರ್ ಕಾಯಿಲೆಗೂ ಸಂಬಂಧವಿದೆಯೆಂಬುದು ಸಾಬೀತಾಗಿಲ್ಲ. ಆರೋಗ್ಯವಂತರ ಮೂತ್ರಪಿಂಡಗಳು ಅಲ್ಯೂಮಿನಿಯಂನ್ನು ಹೊರಹಾಕುತ್ತವೆ. ಮೂತ್ರಪಿಂಡ ಸೋತವರ ಕಥೆ ಬೇರೆ. 1970ರ ದಶಕದಲ್ಲಿ ಡಯಾಲಿಸಿಸ್ ನೀರಿನಲ್ಲಿದ್ದ ಅಲ್ಯೂಮಿನಿಯಂ ರೋಗಿಗಳ ಮಿದುಳಿನಲ್ಲಿ ಸೇರಿ ಮಾತು ತೊದಲಿ, ಬುದ್ಧಿ ಮಂಕಾಗಿ ಹಲವರು ಸತ್ತದ್ದು ವೈದ್ಯಕೀಯ ದಾಖಲೆಯಲ್ಲಿದೆ. ಅಂತಾರಾಷ್ಟ್ರೀಯ ತಜ್ಞರ ಸಮಿತಿ 2011ರಲ್ಲಿ ನಿಗದಿಪಡಿಸಿದ ಮಿತಿ, ದೇಹತೂಕದ ಪ್ರತಿ ಕಿಲೋಗೆ ವಾರಕ್ಕೆ 2 ಮಿಲಿಗ್ರಾಂ. ಅನ್ನ ಬಸಿಯುವ, ಹಾಲು ಕಾಯಿಸುವ ಪಾತ್ರೆಯಿಂದ ಈ ಮಿತಿಗೆ ಸೇರುವುದು ಅಲ್ಪ. ಹುಣಸೆಹಣ್ಣಿನ ಸಾರನ್ನು ದಿನವೂ ಅದರಲ್ಲೇ ಕುದಿಸಿದರೆ ಹಾಗೆ ಹೇಳಲಾಗದು. ಆದ್ದರಿಂದ ನಾನು ಯಾರಿಗೂ ಅಲ್ಯೂಮಿನಿಯಂ ಕುಕ್ಕರನ್ನು ಇಂದೇ ಎಸೆಯಿರಿ ಎನ್ನುವುದಿಲ್ಲ. ಬೇಳೆ ಬೇಯಿಸಿಕೊಳ್ಳಿ, ಹುಳಿ ಹಿಂಡುವುದು ಬೇರೆ ಪಾತ್ರೆಯಲ್ಲಾಗಲಿ, ಒಳಮೈಯನ್ನು ಹೊಳೆಯುವಂತೆ ಉಜ್ಜಿ ಅದರ ರಕ್ಷಣೆಯ ಪದರವನ್ನು ಕೀಳಬೇಡಿ ಎನ್ನುತ್ತೇನೆ.

ಹಳೆಯದೆಲ್ಲ ಆರೋಗ್ಯಕರ ಎಂಬ ನಂಬಿಕೆಯಿಂದ ಈಗ ಅನೇಕರು ಹಿತ್ತಾಳೆ, ತಾಮ್ರಕ್ಕೆ ಮರಳುತ್ತಿದ್ದಾರೆ. ಅವರಿಗೆ ನಾನು ಒಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ: ಅಜ್ಜಿಯರು ಹಿತ್ತಾಳೆಯಲ್ಲಿ ಅಡುಗೆ ಮಾಡಲಿಲ್ಲ, ಹಿತ್ತಾಳೆಗೆ ಬಳಿದ ತವರದ ಮೇಲೆ ಮಾಡಿದರು. ಕಲಾಯಿ ಹೋದ ತಪ್ಪಲೆಯಲ್ಲಿ ಹುಳಿ ಕುದಿಸಿದರೆ ಕಿಲುಬು ಬರುತ್ತದೆಂದು ಅವರಿಗೆ ಗೊತ್ತಿತ್ತು. ಮಜ್ಜಿಗೆಗೆ ಹಿತ್ತಾಳೆಯ ಪಾತ್ರೆಯನ್ನು ಅವರು ಮುಟ್ಟುತ್ತಿರಲಿಲ್ಲ. ಹಾಲಿನ ವಿಷಯ ಇನ್ನೂ ಕಠೋರವಾದದ್ದು. ನಮ್ಮ ದೇಶದಲ್ಲಿ ಎಳೆಯ ಮಕ್ಕಳ ಯಕೃತ್ತು ಗಟ್ಟಿಯಾಗಿ ತಿಂಗಳುಗಳಲ್ಲೇ ಪ್ರಾಣ ತೆಗೆಯುತ್ತಿದ್ದ ಒಂದು ರೋಗಕ್ಕೆ ಭಾರತೀಯ ಬಾಲ್ಯ ಸಿರೋಸಿಸ್ ಎಂದೇ ಹೆಸರಿತ್ತು. ಆ ಮಕ್ಕಳ ಯಕೃತ್ತಿನಲ್ಲಿ ತಾಮ್ರ ತುಂಬಿಕೊಂಡಿರುತ್ತಿತ್ತು. ಪುಣೆಯ ಮತ್ತು ಬ್ರಿಟನ್ನಿನ ವೈದ್ಯರು 1983ರಲ್ಲಿ, ಕಲಾಯಿಯಿಲ್ಲದ ಹಿತ್ತಾಳೆ ಅಥವಾ ತಾಮ್ರದ ಪಾತ್ರೆಯಲ್ಲಿ ಕಾಯಿಸಿ ಇಟ್ಟ ಹಾಲನ್ನು ಬಹಳ ಬೇಗ ಕುಡಿಸಲು ಆರಂಭಿಸಿದ್ದು ಇದಕ್ಕೆ ಕಾರಣವಾಗಿರಬಹುದೆಂದು ತೋರಿಸಿದರು. ಪಾತ್ರೆ ಬದಲಾಗುತ್ತ ಬಂದಂತೆ ರೋಗವೂ ಹೆಚ್ಚುಕಡಿಮೆ ಇಲ್ಲವಾಯಿತು. ಆಸ್ಟ್ರಿಯಾದ ಟಿರೋಲ್ ಪ್ರಾಂತದಲ್ಲಿಯೂ ತಾಮ್ರದ ಪಾತ್ರೆಯಲ್ಲಿ ಹಾಲು ಕಾಯಿಸಿ ಕುಡಿಸಿದ ಮಕ್ಕಳಲ್ಲಿ ಇದೇ ಬಗೆಯ ಕಾಯಿಲೆ 1900ರಿಂದ 1974ರ ನಡುವೆ 138 ಮಕ್ಕಳಿಗೆ ಬಂದಿತ್ತು. ಆನುವಂಶಿಕ ಕಾರಣವೂ ಜೊತೆಗೆ ಸೇರಿದ್ದಿರಬಹುದು, ಆದರೆ ಕೂಸಿನ ಹಾಲನ್ನು ಹಿತ್ತಾಳೆಯಲ್ಲಿ ಕಾಯಿಸಬಾರದೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ನನಗೆ ಬೇಕಿಲ್ಲ. ಸರಿಯಾಗಿ ಕಲಾಯಿ ಮಾಡದ ತಾಮ್ರ, ಹಿತ್ತಾಳೆಯ ಪಾತ್ರೆಯಲ್ಲಿ ಆಹಾರ ತಯಾರಿಸಿ ಮಾರಬಾರದೆಂದು ನಮ್ಮ ಆಹಾರ ಸುರಕ್ಷತೆಯ ನಿಯಮಗಳೂ ಹೇಳುತ್ತವೆ.

ಹಾಗಾದರೆ ಕಲಾಯಿ ಹಾಕಿಸಿದರೆ ಸಾಕೇ? ಹಾಕುವವರ ಕೈಯಲ್ಲಿರುವ ಕಡ್ಡಿ ಏನೆಂದು ನೋಡಬೇಕು. ಪಾತ್ರೆಯನ್ನು ತೊಳೆದು, ತಿದಿಯೊತ್ತಿದ ಇದ್ದಿಲ ಮೇಲೆ ಕಾಯಿಸಿ, ನವಸಾಗರದ ಪುಡಿ ಎರಚಿ, ತವರದ ಕಡ್ಡಿಯನ್ನು ತಾಗಿಸಿ, ಕರಗಿದ ತವರವನ್ನು ಹತ್ತಿಯಿಂದ ಒಳಮೈಗೆಲ್ಲ ಸವರುವ ಆ ಕೆಲಸ ಕಣ್ಣಿಗೆ ಹಬ್ಬ. ಆದರೆ ತವರ ದುಬಾರಿ, ಸೀಸ ಅಗ್ಗ. ತಂತಿಗಳನ್ನು ಬೆಸೆಯಲು ಬಳಸುವ ಬೆಸುಗೆ ಕಡ್ಡಿಯಲ್ಲಿ ಎರಡೂ ಬೆರೆತಿರುತ್ತವೆ, ಅದು ಶುದ್ಧ ತವರಕ್ಕಿಂತ ಕಡಿಮೆ ಶಾಖದಲ್ಲಿ ಕರಗುತ್ತದೆ, ಸವರುವುದೂ ಸುಲಭ. ಶುದ್ಧ ತವರದ ಕಡ್ಡಿಯನ್ನು ಬಗ್ಗಿಸಿದರೆ ಚಟಚಟ ಎಂಬ ಸದ್ದು ಬರುತ್ತದೆ; ಸೀಸ ಹೆಚ್ಚಿದ್ದರೆ ಅದನ್ನು ಕಾಗದದ ಮೇಲೆ ಗೀರಿದಾಗ ಪೆನ್ಸಿಲ್ಲಿನಂತೆ ಬೂದುಬಣ್ಣದ ಗೆರೆ ಬೀಳುತ್ತದೆ. ಇವು ಪ್ರಯೋಗಾಲಯದ ಪರೀಕ್ಷೆಗೆ ಸಮವಲ್ಲವಾದರೂ, ಮೋಸದ ಕಡ್ಡಿಯನ್ನು ಎಷ್ಟೋ ಸಲ ಹಿಡಿದುಕೊಡುತ್ತವೆ. ನಮ್ಮ ಮೈಸೂರು ಸೀಮೆಯ ಅಯ್ಯಂಗಾರ್ ಮನೆಗಳಲ್ಲಿ ಸಾರಿಗೆಂದೇ ಇರುವ ಈಯದ ಚೊಂಬಿಗೂ ಇದೇ ಮಾತು ಅನ್ವಯಿಸುತ್ತದೆ. ತಮಿಳಿನಲ್ಲಿ ಬಿಳಿಯ ಈಯವೆಂದರೆ ತವರ, ಕರಿಯ ಈಯವೆಂದರೆ ಸೀಸ. ಬರೀ 'ಈಯ' ಎಂದು ಕೇಳಿ ಕೊಂಡರೆ ಯಾವುದು ಬಂದಿದೆಯೆಂದು ಹೆಸರಿನಿಂದ ತಿಳಿಯದು. ತಲೆಮಾರಿನಿಂದ ಬಂದ ಚೊಂಬು ಇದ್ದವರು ಪರೀಕ್ಷೆ ಮಾಡಿಸಿಕೊಳ್ಳಲಿ, ಹೊಸದನ್ನು ರಸೀದಿ, ಪರೀಕ್ಷಾ ವರದಿ ಇಲ್ಲದೆ ಕೊಳ್ಳದಿರಲಿ. ನಾನಂತೂ ಅದರಲ್ಲಿ ಸಾರು ಮಾಡುವುದನ್ನು ಬಿಟ್ಟಿದ್ದೇನೆ, ಆ ರುಚಿಯನ್ನು ಕಳೆದುಕೊಂಡ ದುಃಖ ಇದ್ದರೂ.

ನಾನ್‌ಸ್ಟಿಕ್ ಕಾವಲಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಆ ಲೇಪನದ ಚೂರು ಹೊಟ್ಟೆಗೆ ಹೋದರೆ ಬಹುಪಾಲು ಹಾಗೆಯೇ ಹೊರಹೋಗುತ್ತದೆ. ತೊಂದರೆ ಇರುವುದು ಅತಿಯಾದ ಶಾಖದಲ್ಲಿ. ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಅದು ಕೆಡಲು ತೊಡಗುತ್ತದೆ, ಇನ್ನೂ ಕಾದರೆ ಬರುವ ಹೊಗೆಯಿಂದ ಮನುಷ್ಯರಿಗೆ ಚಳಿಜ್ವರದಂಥ ಬಾಧೆ ಬರಬಹುದು, ಪಂಜರದ ಗಿಳಿ ಸತ್ತೇ ಹೋಗಬಹುದು. ದೋಸೆಗೆಂದು ಬರಿಯ ಕಾವಲಿಯನ್ನು ದೊಡ್ಡ ಉರಿಯಲ್ಲಿ ಕಾಯಿಸಿ, ನೀರು ಚಿಮುಕಿಸಿ ನೋಡುವುದು ನಮ್ಮ ಅಭ್ಯಾಸ. ಆ ಅಭ್ಯಾಸಕ್ಕೂ ನಾನ್‌ಸ್ಟಿಕ್ಕಿಗೂ ಹೊಂದುವುದಿಲ್ಲ. ಈ ಲೇಪನದ ತಯಾರಿಕೆಯಲ್ಲಿ ಹಿಂದೆ ಬಳಸುತ್ತಿದ್ದ ಪಿಎಫ್‌ಒಎ ಎಂಬ ರಾಸಾಯನಿಕವನ್ನು 2023ರ ಡಿಸೆಂಬರ್‌ನಲ್ಲಿ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಗೀರು ಬಿದ್ದ ಹಳೆಯ ನಾನ್‌ಸ್ಟಿಕ್ ಕಾವಲಿ ಇದ್ದರೆ ಬಿಟ್ಟುಬಿಡುವುದೇ ಮೇಲು.

ಈಗ ನನ್ನ ಅಡುಗೆಮನೆಯಲ್ಲಿ ಹುಳಿ, ಸಾರು, ಗೊಜ್ಜು ಎಲ್ಲವೂ ದಪ್ಪ ತಳದ ಸ್ಟೀಲಿನಲ್ಲಿ. ಕೊಳ್ಳುವಾಗ ನಿಕ್ಕಲ್ ಹೆಚ್ಚಿರುವ 304 ದರ್ಜೆಯ ಸ್ಟೀಲೇ ಎಂದು ಕೇಳುತ್ತೇನೆ. ಅಯಸ್ಕಾಂತ ಹಿಡಿದು ನೋಡಿದರೆ ತಿಳಿಯುತ್ತದೆಂಬ ಅಂಗಡಿಯವರ ಮಾತು ಪೂರ್ತಿ ಸರಿಯಲ್ಲ, ಏಕೆಂದರೆ ನಿಕ್ಕಲ್ ಕಡಿಮೆಯಿಟ್ಟು ಮ್ಯಾಂಗನೀಸ್ ಹೆಚ್ಚಿಸಿದ ಅಗ್ಗದ 202ಕ್ಕೂ ಅದು ಅಂಟುವುದಿಲ್ಲ. ಆದ್ದರಿಂದ ಐಎಸ್‌ಐ ಗುರುತಿನ ಜೊತೆಗೆ ದರ್ಜೆಯನ್ನು ಬರೆದಿದೆಯೇ ಎಂದೂ ನೋಡುವುದು ಒಳ್ಳೆಯದು. ಹೊಸ ಸ್ಟೀಲಿನಿಂದ ಮೊದಲ ಕೆಲವು ಅಡುಗೆಗಳಲ್ಲಿ ನಿಕ್ಕಲ್, ಕ್ರೋಮಿಯಂ ಸ್ವಲ್ಪ ಹೆಚ್ಚು ಬಿಡುತ್ತವೆ, ಆಮೇಲೆ ಇಳಿಯುತ್ತದೆ. ನಿಕ್ಕಲ್ ಅಲರ್ಜಿ ಇರುವವರು ಇದನ್ನು ನೆನಪಿಡಬೇಕು. ದೋಸೆ, ರೊಟ್ಟಿ, ಪಲ್ಯಕ್ಕೆ ಕಬ್ಬಿಣದ ಕಾವಲಿ ಮತ್ತು ಬಾಣಲೆ. ಕಬ್ಬಿಣವೂ ಹುಳಿಗೆ ಕರಗುತ್ತದೆ, ಸಾರು ಕಪ್ಪಾಗುತ್ತದೆ, ಆದರೆ ಕರಗಿದ್ದು ನಮಗೆ ಬೇಕಾದ ವಸ್ತುವೇ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡ 57ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಅಲ್ಲದೆ ಕಬ್ಬಿಣದ ಕೊರತೆಯಿರುವ ಮಗು ಸೀಸವನ್ನು ಹೆಚ್ಚು ಹೀರಿಕೊಳ್ಳುತ್ತದೆ. ಥಲಸೀಮಿಯಾದಂತಹ ಕಾರಣದಿಂದ ದೇಹದಲ್ಲಿ ಕಬ್ಬಿಣ ತುಂಬಿಕೊಳ್ಳುವವರು ಮಾತ್ರ ವೈದ್ಯರನ್ನು ಕೇಳಬೇಕು. ಉಪ್ಪಿನಕಾಯಿಗೆ ಬಳಪದ ಕಲ್ಲಿನ ಮರಿಗೆ ಇದೆ. ಮಣ್ಣಿನ ಮಡಕೆ ಕೊಳ್ಳುವವರು ಮಿರುಗುವ ಮೆರುಗು ಹಚ್ಚಿದ್ದನ್ನು ಬಿಟ್ಟು ಬರಿಯ ಮೈಯದನ್ನೇ ಆರಿಸಬೇಕು, ಏಕೆಂದರೆ ಮೆರುಗಿನಲ್ಲಿಯೂ ಸೀಸ ಇರಬಹುದು.

ತಂಗಿಯ ಮಗಳು ಬಾಣಲೆಯನ್ನು ತೆಗೆದಿಟ್ಟು ಮೂರು ತಿಂಗಳಾದ ಮೇಲೆ ಮಗುವಿನ ರಕ್ತದಲ್ಲಿನ ಸೀಸ 4ಕ್ಕೆ ಇಳಿದಿತ್ತು, ಮತ್ತೆ ನೋಡಿದಾಗ 3ರ ಒಳಗೆ ಬಂದಿತ್ತು. ಅವಳ ಜೊತೆಗೇ ನನಗೆಂದು ಕೊಂಡಿದ್ದ ಇನ್ನೆರಡು ಹಿಂಡಾಲಿಯಂ ಪಾತ್ರೆಗಳು ನಮ್ಮ ಮನೆಯಲ್ಲಿದ್ದವು. ಕೆಲಸಕ್ಕೆ ಬರುವ ಹೆಣ್ಣುಮಗಳು ತನಗೆ ಕೊಡಿ ಎಂದು ಕೇಳಿದಳು, ಅವಳಿಗೆ ಕಾರಣ ಹೇಳಿ ಬದಲಿಗೆ ಕಬ್ಬಿಣದ ಬಾಣಲೆ ತಂದುಕೊಟ್ಟೆ. ಗುಜರಿಗೆ ಹಾಕೋಣವೆಂದು ಎತ್ತಿಟ್ಟಾಗ, ಅಲ್ಲಿ ಕರಗಿ ಇನ್ನೊಂದು ಬಾಣಲೆಯಾಗಿ ಇನ್ನೊಬ್ಬರ ಮದುವೆಯ ಉಡುಗೊರೆಗೆ ಸೇರುತ್ತದಲ್ಲ ಎಂದು ಕೈ ತಡೆಯಿತು. ಎರಡನ್ನೂ ಮೊಳೆಯಿಂದ ತೂತು ಮಾಡಿ, ಗೋಣಿಚೀಲದಲ್ಲಿ ಕಟ್ಟಿ, ಮೇಲೆ 'ಸೀಸ ಇರಬಹುದು, ಅಡುಗೆಗೆ ಅಲ್ಲ' ಎಂದು ಬರೆದು ಅಟ್ಟದ ಮೇಲೆ ಇಟ್ಟಿದ್ದೇನೆ.